ಸರಿಪಡಿಸಿ ಮರುಸಲ್ಲಿಸುವುದು

ಕಾಗದ ಓದುವುದರಲ್ಲಿ ನನ್ನನ್ನು ಮೀರಿಸುವವರು ಹಗರಿಬೊಮ್ಮನಹಳ್ಳಿಯಲ್ಲಿ ಇರಲಿಲ್ಲ ಅಂತ ನಾನೇ ಹೇಳಿಕೊಂಡರೆ ನಿಮಗೆ ಜಂಬ ಅನ್ನಿಸೀತು. ಅನ್ನಿಸಲಿ. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿ ಕಡತ ನೋಡಿದವಳು ನಾನು. ಅರ್ಜಿ ಕೈಗೆ ಬಂದರೆ ಮೊದಲು ತಿರುಗಿಸುತ್ತಿದ್ದದ್ದು ಹಿಂದಿನ ಲಗತ್ತುಗಳನ್ನು. ಹತ್ತು ಜನರ ಸಹಿ ಒಂದೇ ಕೈಯಿಂದ ಬಂದಿದ್ದರೆ ಕನ್ನಡಕ ಹಾಕಿಕೊಳ್ಳುವ ಮೊದಲೇ ಗೊತ್ತಾಗುತ್ತಿತ್ತು. ಹಾಗಂತ ಯಾರ ಅರ್ಜಿಯನ್ನೂ ತಿರಸ್ಕರಿಸಿ ಮೂಲೆಗೆ ಎಸೆದವಳಲ್ಲ. ಏನು ಕಡಿಮೆ ಬಿದ್ದಿದೆ, ಏನು ಸೇರಿಸಿದರೆ ಪೂರ್ತಿಯಾಗುತ್ತದೆ ಅಂತ ಅಂಕಿ ಹಾಕಿ ಬರೆದು, ಕೊನೆಯಲ್ಲಿ 'ಸರಿಪಡಿಸಿ ಮರುಸಲ್ಲಿಸುವುದು' ಅಂತ ಸೇರಿಸಿ ವಾಪಸು ಕೊಡುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮೇಲಿನವರು ಕಲಿಸಿದ ಪಾಠ ಅದು. ತಪ್ಪು ತೋರಿಸುವವರು ದಾರಿಯನ್ನೂ ತೋರಿಸಬೇಕು ಅನ್ನುತ್ತಿದ್ದರು. ಬಡವರ ಅರ್ಜಿಗಳ ಮಟ್ಟಿಗೆ ಅದು ಒಳ್ಳೆಯ ಪಾಠವೇ ಆಗಿತ್ತು.

ನಿವೃತ್ತಿಯಾದ ಮೇಲೆ ಓದಲು ಏನೂ ಸಿಗಲಿಲ್ಲ. ಕರೆಂಟ್ ಬಿಲ್ಲಿನ ಹಿಂಬದಿಯನ್ನೂ ಓದಿದೆ, ಔಷಧಿ ಡಬ್ಬಿಯೊಳಗಿನ ಚೀಟಿಯನ್ನೂ ಓದಿದೆ. ಮದುವೆ ಆಗಲಿಲ್ಲ, ಮಕ್ಕಳಿಲ್ಲ. ರೈಲು ನಿಲ್ದಾಣದ ಕಡೆ ಕಿಟಕಿ ಇರುವ ಎರಡು ಕೋಣೆಯ ಮನೆ ನನ್ನದು. ಹೀಗಿರುವಾಗ ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಪರಿಸರ ಯೋಜನೆಗಳ ಕನ್ನಡ ದಾಖಲೆ ಓದಿ ಅಭಿಪ್ರಾಯ ಬರೆಯುವ ಸ್ವಯಂಸೇವಕರು ಬೇಕು, ಮನೆಯಿಂದಲೇ ಮಾಡಬಹುದು, ಸಂಬಳ ಇಲ್ಲ. ಸಂಬಳ ಇಲ್ಲ ಅನ್ನುವುದನ್ನು ಓದಿ ಉಳಿದವರು ನಗುವ ಗೊಂಬೆ ಹಾಕಿದರು. ನಾನು ಆ ದಿನವೇ ಲ್ಯಾಪ್‌ಟಾಪ್ ಒರೆಸಿ ಕೂತೆ.

ಆ ಗುಂಪು ನಡೆಸುತ್ತಿದ್ದವಳು ದೂರದ ನಗರವೊಂದರ ಹುಡುಗಿ, ಮೂವತ್ತೈದರ ಆಸುಪಾಸು. ಅವಳನ್ನು ನಾನು ಪರದೆಯ ಮೇಲೆ ಬಿಟ್ಟು ಎಂದೂ ನೋಡಲಿಲ್ಲ. ಮೊದಲ ದಿನ ತಾಳ್ಮೆಯಿಂದ ವಿವರಿಸಿದಳು. ನನಗೆ ಅರ್ಥವಾದದ್ದು ಇಷ್ಟು: ನಮ್ಮ ಕಡೆಯ ಹಳ್ಳಿಯಲ್ಲಿ ಹೊಗೆ ಕಡಿಮೆಯಾಯಿತು ಅಂತ ಕಾಗದದಲ್ಲಿ ಸಾಬೀತು ಮಾಡಿದರೆ, ಆ ಉಳಿದ ಹೊಗೆಯ ಲೆಕ್ಕವನ್ನು ಎಲ್ಲೋ ಇರುವ ಕಾರ್ಖಾನೆಯವರು ಕೊಂಡುಕೊಳ್ಳುತ್ತಾರೆ. ಕೊಂಡವರು ತಮ್ಮ ಹೊಗೆ ಬಿಡುವುದನ್ನು ಬಿಡಬೇಕಾಗಿಲ್ಲ. ಹಾಗಾಗಿ ಇಲ್ಲಿಯ ಕಾಗದ ಸುಳ್ಳಾದರೆ ಎರಡೂ ಕಡೆ ಹೊಗೆ. ಯೋಜನೆಯ ಕಾಗದವನ್ನು ಒಂದಷ್ಟು ದಿನ ಎಲ್ಲರಿಗೂ ಕಾಣುವಂತೆ ಇಡುತ್ತಾರೆ, ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಆದರೆ ಸಭೆಯ ನಡವಳಿ, ಹಾಜರಿ, ಹಳ್ಳಿಯವರ ಹೇಳಿಕೆ ಎಲ್ಲಾ ಕನ್ನಡದಲ್ಲಿರುತ್ತವೆ, ಯಾರೂ ಓದುವುದಿಲ್ಲ. ನೀವು ಓದಿ ಬರೆಯಿರಿ, ನಾವು ಪರಿಶೀಲನೆ ಮಾಡುವವರಿಗೆ ಕಳಿಸುತ್ತೇವೆ ಅಂದಳು.

ಮೊದಲು ಬಂದದ್ದು ಕೂಡ್ಲಿಗಿ ಕಡೆಯ ಗಿಡ ನೆಡುವ ಯೋಜನೆ. ಜೂನ್ ತಿಂಗಳಲ್ಲಿ ಬದುವಿನ ಮೇಲೆ ಸಸಿ ನೆಟ್ಟ ಫೋಟೋ ಅಂತ ಬರೆದಿದ್ದರು. ಸಸಿಯ ಹಿಂದಿನ ಹೊಲದಲ್ಲಿ ಕಡಲೆ ಹೂ ಬಿಟ್ಟು ನಿಂತಿತ್ತು. ಜೂನಿನಲ್ಲಿ ಕಡಲೆ ಹೂ ಬಿಡುವ ಹೊಲ ಕೂಡ್ಲಿಗಿಯಲ್ಲಿದ್ದರೆ ನನಗೂ ತೋರಿಸಿ ಅಂತ ಬರೆದೆ. ಅವಳು ಅವತ್ತೇ ಫೋನ್ ಮಾಡಿ, "ಅಮ್ಮಾ, ನೀವು ನಮ್ಮ ಕಣ್ಣು" ಅಂದಳು. ನಾನು ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ. ನಿವೃತ್ತಿಯ ದಿನ ಹಾರ ಹಾಕಿ ಹೊಗಳಿದವರ ಮಾತಿಗಿಂತ ಆ ಮಾತು ನನಗೆ ಹೆಚ್ಚಾಗಿತ್ತು. ಆ ಮೇಲಿಂದ ಊಟವಾದ ಕೂಡಲೇ ಫ್ಯಾನ್ ಕೆಳಗೆ ಕೂತು ಸಂಜೆ ಬಳ್ಳಾರಿ ಕಡೆಯ ಗಾಡಿಯ ಸದ್ದು ಕೇಳುವವರೆಗೆ ಓದುತ್ತಿದ್ದೆ. ಅವಳೂ ವಾರಕ್ಕೊಮ್ಮೆ ಫೋನ್ ಮಾಡಿ ಊಟ ಆಯ್ತಾ, ಮಂಡಿನೋವು ಹೇಗಿದೆ ಅಂತ ಕೇಳುತ್ತಿದ್ದಳು. ಮಗಳಿದ್ದಿದ್ದರೆ ಹೀಗೇ ಇರುತ್ತಿದ್ದಳೇನೋ ಅಂತ ಒಂದೆರಡು ಸಲ ಅನ್ನಿಸಿದ್ದೂ ಉಂಟು.

ಹೋದ ವರ್ಷ ಒಲೆಯ ಯೋಜನೆ ಬಂತು. ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ಕಂಪನಿಯವರು ಕಡಿಮೆ ಕಟ್ಟಿಗೆ ಸುಡುವ ಕಬ್ಬಿಣದ ಒಲೆ ಹಂಚಿದ್ದಾರೆ, ಹೆಂಗಸರು ಮಣ್ಣಿನ ಒಲೆ ಬಿಟ್ಟು ಅದರಲ್ಲೇ ಅಡುಗೆ ಮಾಡುತ್ತಿದ್ದಾರೆ, ಆದ್ದರಿಂದ ಇಷ್ಟು ಹೊಗೆ ಉಳಿಯಿತು ಅನ್ನುವುದು ಅದರ ಸಾರ. ಲಗತ್ತಿನಲ್ಲಿ ಹೆಂಗಸರ ಹೇಳಿಕೆಗಳಿದ್ದವು. ಪುಟ ತಿರುಗಿಸಿದಷ್ಟೂ ಒಂದೇ ಮಾತು: 'ಚಲೋ ಐತಿ, ಏನೂ ತೊಂದರೆ ಇಲ್ಲ.' ಹಳ್ಳಿಗಳ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಹೋದೆ. ಹಿರೇಹಡಗಲಿ ದಾಟಿ ಒಳಗೆ ಹೋದರೆ ಸಿಗುವ ಒಂದು ಊರಿನ ಹೆಸರು ಅಲ್ಲಿತ್ತು. ಅದು ಅಕ್ಕನನ್ನು ಕೊಟ್ಟ ಊರು.

ನಾವಿಬ್ಬರೂ ಹುಟ್ಟಿದ್ದು ಕೊಟ್ಟೂರಿನಲ್ಲಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವ್ವ ತೀರಿಕೊಂಡಳು. ಅಲ್ಲಿಂದ ಮುಂದೆ ನನಗೆ ಅವ್ವ ಅಂದರೂ ಅಕ್ಕ ಅಂದರೂ ಅವಳೇ. ಅವಳಿಗೆ ಓದು ಬರುವುದಿಲ್ಲ, ಆದರೆ ಒಲೆ ಕಟ್ಟುವುದರಲ್ಲಿ ಗಂಡನ ಊರಿನಲ್ಲಿ ಅವಳನ್ನು ಬಿಟ್ಟರೆ ಇಲ್ಲ. ಹೊಸ ಸೊಸೆ ಬಂದ ಮನೆಯವರು, ಬೇರೆ ಸಂಸಾರ ಹೂಡಿದವರು, ಗೋಡೆ ತೆಗೆಸಿ ಮನೆ ಕಟ್ಟಿಸಿದವರು ಅವಳನ್ನೇ ಕರೆಯುತ್ತಿದ್ದರು. ಹುತ್ತದ ಮಣ್ಣು, ಹೊಟ್ಟು, ಸಗಣಿ ಕಲಸಿ ಒಂದು ದಿನ ನೆನೆಯಲು ಬಿಡುವುದು; ಮರುದಿನ ಆ ಮನೆಯ ರೊಟ್ಟಿ ಹಂಚನ್ನು ತರಿಸಿ ಗೇಣಿನಲ್ಲಿ ಅಳೆದು ಅದಕ್ಕೆ ತಕ್ಕ ಬಾಯಿ ಬಿಡುವುದು; ಪಕ್ಕಕ್ಕೆ ಸಾರಿನ ಗಡಿಗೆಗೆ ಒಂದು ಕೋಡೊಲೆ, ದೊಡ್ಡ ಒಲೆಯ ಉರಿಯೇ ಅದಕ್ಕೂ ಹಾಯುವಂತೆ. ಒಣಗಿದ ಮೇಲೆ ಮೊದಲು ಹಾಲು ಉಕ್ಕಿಸುವವಳೂ ಅವಳೇ. ಈಗ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆ, ಚಹಾ, ಅನ್ನ ಅದರ ಮೇಲೆ. ಜೋಳದ ರೊಟ್ಟಿ ಮಾತ್ರ ಮಣ್ಣಿನ ಒಲೆಯ ಮೇಲೆಯೇ ಆಗಬೇಕು.

ಫೋನಿನಲ್ಲಿ ಕೇಳಿದರೆ ಆಗುವ ಮಾತಲ್ಲ ಅಂತ ಬಸ್ ಹತ್ತಿ ಹೋದೆ. ಹೊಸ ಒಲೆ ಅಡುಗೆಮನೆಯ ಮೂಲೆಯಲ್ಲಿ ಈರುಳ್ಳಿ ಬುಟ್ಟಿಗೆ ಆಸರೆಯಾಗಿ ನಿಂತಿತ್ತು. ಅಕ್ಕ ಮಣ್ಣಿನ ಒಲೆಯ ಮುಂದೆ ಕೂತು ಮೆಕ್ಕೆಜೋಳದ ಬೆಂಡು ಹಾಕಿ ಉರಿ ಮಾಡುತ್ತಿದ್ದಳು. ಕಾಗದದಲ್ಲಿ ಬರೆದ ಮೀಟಿಂಗ್ ಬಗ್ಗೆ ಕೇಳಿದೆ.

"ಯಾವ ಮೀಟಿಂಗು? ವ್ಯಾನ್ ಬಂತು, ಅಗಸಿ ಹತ್ರ ನಿಂತ್ಕಂತು. ಆಧಾರ್ ಕಾರ್ಡ್ ತಗಂಡು ಬರ್ರಿ ಅಂದ್ರು. ಹೆಬ್ಬೆಟ್ಟು ಒತ್ತಿಸ್ಕಂಡ್ರು, ಒಲಿ ಕೊಟ್ರು, ಹೋದ್ರು."

"ಮತ್ತ ಕೇಳಾಕ ಬಂದಾಗ ಚಲೋ ಐತಿ ಅಂತ ಯಾಕ ಹೇಳಿದಿ?"

ಅಕ್ಕ ನಕ್ಕಳು. "ಕಾಗದ ಹಿಡಕಂಡು ಬಂದೋರಿಗೆ ಇನ್ನೇನು ಹೇಳ್ತಾರ? ಚಲೋ ಐತಿ, ಏನೂ ತೊಂದ್ರಿ ಇಲ್ಲ ಅಂದ್ರ ಚಾ ಕುಡದು ಹೋಗ್ತಾರ. ತೊಂದ್ರಿ ಐತಿ ಅಂದ್ರ ಮತ್ತ ಬರ್ತಾರ."

ನನಗಾಗಿ ಅವಳು ಆ ಕಬ್ಬಿಣದ ಒಲೆ ಹೊತ್ತಿಸಿ ಒಂದು ರೊಟ್ಟಿ ಬೇಯಿಸಿ ತೋರಿಸಿದಳು. ನಡುವೆ ಕರಕಲು, ಅಂಚು ಹಸಿ. ಒಲೆಯ ಬಾಯಿ ಒಂದು ಗೇಣು, ಅವಳ ಹಂಚು ಎರಡು ಗೇಣು ನಾಲ್ಕು ಬೆರಳು. ನಾನು ಚೀಲದಿಂದ ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡೆ. ಬರೆಯುವುದನ್ನು ನೋಡಿ ಅವಳು, "ನನ್ನ ಹೆಸರು ಹಾಕಬ್ಯಾಡ ಮತ್ತ. ಕೊಟ್ಟೋರ ಮುಂದ ನಿಷ್ಠುರ ಆಗೋದು ಬ್ಯಾಡ" ಅಂದಳು.

"ನಿನ್ನ ಹೆಸರು ಯಾಕ ಹಾಕ್ಲಿ, ನಂಗ ಅಷ್ಟೂ ತಿಳಿಯಂಗಿಲ್ಲೇನು?" ಅಂದೆ.

ಸಂಜೆಯ ಬಸ್ಸಿಗೆ ಹೊರಟರೆ ಬಿಡಲಿಲ್ಲ. ಅವಳು ಎಂದೂ ಬಿಟ್ಟವಳಲ್ಲ. "ಬಸ್ ಹೋಗ್ಲಿ ಬಿಡು, ನಾಳಿ ಹೋಗೀಯಂತ" ಅನ್ನುವುದು ನಲವತ್ತು ವರ್ಷದಿಂದ ಅವಳ ಮಾತು.

ಮನೆಗೆ ಬಂದು ಎರಡು ದಿನ ಕೂತು ಬರೆದೆ. ನನ್ನ ಇಡೀ ಸೇವೆಯಲ್ಲಿ ಅಷ್ಟು ಚೊಕ್ಕ ಟಿಪ್ಪಣಿ ಬರೆದಿರಲಿಲ್ಲ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ನಡೆಯಿತು ಅಂದಿದ್ದಾರೆ, ಶೇಂಗಾ ಕೀಳುವ ಕಾಲದಲ್ಲಿ ಆ ಹೊತ್ತಿಗೆ ಊರಲ್ಲಿ ಒಬ್ಬ ಹೆಂಗಸೂ ಇರುವುದಿಲ್ಲ, ಸಂಜೆಯಾದರೆ ನಂಬಬಹುದಿತ್ತು. ಹಾಜರಿಯ ಸಹಿಗಳೆಲ್ಲಾ ಒಂದೇ ಪೆನ್ನಿನವು. ಹಂಚು ಎರಡು ಗೇಣು ನಾಲ್ಕು ಬೆರಳು, ಒಲೆಯ ಬಾಯಿ ಒಂದೇ ಗೇಣು, ಅಳತೆ ಕೂಡುವುದಿಲ್ಲ, ಸಣ್ಣ ಹಂಚು ಕೊಟ್ಟ ದಾಖಲೆ ಇಲ್ಲ. ಈ ಊರಿನಲ್ಲಿ ಒಲೆ ಕಟ್ಟುವ ಹೆಂಗಸೇ ಹೊಸ ಒಲೆ ಬಳಸುತ್ತಿಲ್ಲ. ಮಣ್ಣಿನ ಒಲೆಗಳು ಎಲ್ಲರ ಮನೆಯಲ್ಲೂ ಹಾಗೇ ಇವೆ, ಅವುಗಳನ್ನು ತೆಗೆದ ಬಗ್ಗೆ ಫೋಟೋ ಇಲ್ಲ, ಆದ್ದರಿಂದ ಹೊಗೆ ಉಳಿಯಿತು ಅನ್ನುವುದು ರುಜುವಾತಾಗಿಲ್ಲ. ಎಲ್ಲ ಬರೆದು ಮುಗಿದಾಗ ಕೈ ತಾನಾಗಿಯೇ ಕೊನೆಯ ಸಾಲು ಬರೆಯಿತು. ಮೂವತ್ತು ವರ್ಷದ ಅಭ್ಯಾಸ. 'ಮೇಲ್ಕಂಡ ನ್ಯೂನತೆಗಳನ್ನು ಸರಿಪಡಿಸಿ ಮರುಸಲ್ಲಿಸುವುದು.'

ಕಳಿಸಿದ ಒಂದು ಗಂಟೆಯೊಳಗೆ ಗುಂಪಿನ ಹುಡುಗಿಯಿಂದ ದನಿ ಸಂದೇಶ ಬಂತು. ಇಷ್ಟು ಉಪಯುಕ್ತವಾದದ್ದನ್ನು ತನಗೆ ಯಾರೂ ಬರೆದು ಕೊಟ್ಟಿಲ್ಲ ಅಂದಳು. ಯೋಜನೆ ಬಿದ್ದಂತೆಯೇ ಅಂತ ನಾನು ತಿಳಿದೆ.

ಐದು ತಿಂಗಳ ಮೇಲೆ ಅದೇ ಯೋಜನೆಯ ಪರಿಷ್ಕೃತ ಕಾಗದ ನನ್ನ ಮುಂದೆ ಬಂತು. ಕಳಿಸಿದವಳು ಅವಳೇ, ಸಂತೋಷದಿಂದ, ಒಂದು ಹೂವಿನ ಚಿತ್ರದ ಜೊತೆ. ಓದುತ್ತಾ ಹೋದ ಹಾಗೆ ನನಗೆ ವಿಚಿತ್ರ ಅನ್ನಿಸತೊಡಗಿತು. ಸಭೆ ಈಗ ಸಂಜೆ ಆರೂವರೆಗೆ ನಡೆದಿತ್ತು. ಹಾಜರಿಯಲ್ಲಿ ನೀಲಿ ಪೆನ್ನು, ಕಪ್ಪು ಪೆನ್ನು, ಹಸಿರು ಪೆನ್ನು. ಸಣ್ಣ ಹಂಚು ಹಂಚಿದ ಪಟ್ಟಿ. ಮುನ್ನುಡಿಯಲ್ಲಿ ಒಂದು ಸಾಲು: ಸ್ಥಳೀಯ ತಜ್ಞರೊಬ್ಬರ ಸಲಹೆಗಳನ್ನು ಪೂರ್ಣವಾಗಿ ಅಳವಡಿಸಿಕೊಳ್ಳಲಾಗಿದೆ. ನಾನು ಹಾಕಿದ ಅಂಕಿಗಳ ಕ್ರಮದಲ್ಲೇ ಸುಳ್ಳುಗಳೆಲ್ಲಾ ನೆಟ್ಟಗಾಗಿದ್ದವು. ನನಗೆ ಗೊತ್ತಿದ್ದದ್ದನ್ನೆಲ್ಲಾ ಅವರಿಗೆ ಕಲಿಸಿಕೊಟ್ಟವಳು ನಾನೇ.

ಕೊನೆಯ ಲಗತ್ತಿನಲ್ಲಿ ಫೋಟೋಗಳಿದ್ದವು. 'ಮಣ್ಣಿನ ಒಲೆ ತೆರವು, ಪುರಾವೆ.' ಮೊದಲನೆಯ ಫೋಟೋದಲ್ಲಿ ನೆಲದ ಮೇಲೆ ಸುಟ್ಟ ಮಣ್ಣಿನ ಹೆಂಟೆಗಳು, ಪಕ್ಕದಲ್ಲಿ ಅರ್ಧ ಉಳಿದ ಕೋಡೊಲೆ, ಅದರ ಮುಂದೆ ನಂಬರ್ ಚೀಟಿ ಅಂಟಿಸಿದ ಕಬ್ಬಿಣದ ಒಲೆ. ಹಿಂದಿನ ಗೋಡೆಯ ಗೂಡಿನಲ್ಲಿ ಒಂದು ಹಸಿರು ಟಿನ್ ಡಬ್ಬಿ. ಆ ಡಬ್ಬಿ ಕೊಟ್ಟೂರಿನ ನಮ್ಮ ಮನೆಯದು, ಅವ್ವ ಅದರಲ್ಲಿ ಅರಿಶಿನ ಇಡುತ್ತಿದ್ದಳು, ಅಕ್ಕ ಅದನ್ನು ಗಂಡನ ಮನೆಗೆ ಒಯ್ದಿದ್ದಳು. ನಾನು ಪರದೆಯನ್ನು ಹಾಗೇ ಬಿಟ್ಟು ಎದ್ದು ಹೋಗಿ ನೀರು ಕುಡಿದೆ. ವಾಪಸು ಬಂದಾಗಲೂ ಡಬ್ಬಿ ಅಲ್ಲೇ ಇತ್ತು.

ಮರುದಿನ ಮೊದಲ ಬಸ್ಸಿಗೆ ಹೋದೆ. ಹಡಗಲಿಯಲ್ಲಿ ಬಸ್ ಬದಲಿಸಿದಾಗ ಮೈಲಾರಕ್ಕೆ ಹೊರಟವರ ಗದ್ದಲ, ನಿಲ್ಲಲೂ ಜಾಗವಿಲ್ಲ. ಅಕ್ಕನಿಗೆ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತಿದ್ದೆ. ಹೊಸ್ತಿಲು ದಾಟಿದ ಮೇಲೆ ಒಂದೂ ನೆನಪಾಗಲಿಲ್ಲ. ಒಲೆ ಇದ್ದ ಜಾಗವನ್ನು ಸಾರಿಸಿ ಚೊಕ್ಕ ಮಾಡಿದ್ದಳು. ಗೋಡೆಯ ಮೇಲೆ ಮಸಿ ಮಾತ್ರ ಉಳಿದಿತ್ತು. ಅವಳು ಕಾಳು ಹಸನು ಮಾಡುತ್ತಾ, ನನ್ನ ಮುಖ ನೋಡದೆ ಹೇಳಿದಳು.

"ಇಬ್ರು ಬಂದಿದ್ರು. ನೆಟ್ಟಗ ನಮ್ಮ ಮನಿಗೇ ಬಂದ್ರು. ಊರಾಗ ಒಲಿ ಕಟ್ಟಾಕಿ ನೀವೇ ಅಲ್ಲೇನ್ರಿ ಅಂದ್ರು. ಹೂನ್ರಿ ಅಂದೆ, ನಕ್ಕಂತ. ಯಾರೋ ಒಲಿ ಕಟ್ಟಿಸಾಕ ಬಂದಾರ ಅಂತ ತಿಳಕಂಡೆ."

ನಾನು ಹೆಸರು ಹಾಕಿರಲಿಲ್ಲ. ಆದರೆ ಆ ಊರಿನಲ್ಲಿ ಒಲೆ ಕಟ್ಟುವವಳು ಒಬ್ಬಳೇ. ಕಾಗದದ ಸಂದುಗೊಂದನ್ನೆಲ್ಲಾ ಹುಡುಕುವ ನನಗೆ ಅದು ಹೊಳೆದಿರಲಿಲ್ಲ.

"ಒಲಿ ಕೆಡವದಿದ್ರ ಊರಿನ ಹೆಸರೇ ಪಟ್ಟಿಯಿಂದ ತಗೀತೀವಿ, ಮುಂದ ಇನ್ನೇನು ಬಂದ್ರೂ ಈ ಊರಿಗೆ ಬರಂಗಿಲ್ಲ ಅಂದ್ರು. ನನ್ನಿಂದ ಊರಿಗೆ ಕೆಟ್ಟದ್ದು ಯಾಕ ಅಂತ ಹೂಂ ಅಂದೆ. ಹಾರಿ ಐತೇನ್ರಿ ಅಂದ್ರು. ಹಿತ್ತಲದಾಗ ಇತ್ತು, ನಾನೇ ತಂದು ಕೊಟ್ಟೆ. ನನ್ನ ಒಲಿ ಬಿದ್ದದ್ದು ನೋಡಿ ಉಳದೋರು ತಾವಾ ಕೆಡವಿದ್ರು."

ಕಾಳಿನಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. ಆಮೇಲೆ ಕೇಳಿದಳು: "ನನ್ನ ಹಂಚು ಎರಡು ಗೇಣು ನಾಕು ಬೆರಳು ಐತಿ ಅಂತ ಅವ್ರಿಗೆ ಗೊತ್ತಿತ್ತು. ನಾ ಅದನ್ನ ನಿನ್ನ ಬಿಟ್ರ ಯಾರ ಮುಂದ ಹೇಳಿದ್ದೆ?"

ನಾನು ಎಲ್ಲವನ್ನೂ ಹೇಳಿದೆ. ನಿಮ್ಮ ಪರವಾಗಿಯೇ ಬರೆದದ್ದು, ಯೋಜನೆ ನಿಲ್ಲಿಸಲಿಕ್ಕೇ ಬರೆದದ್ದು, ಅವರು ಅದನ್ನು ಹೀಗೆ ತಿರುಗಿಸಿದರು ಅಂದೆ. ಅವಳು ಕೇಳಿಸಿಕೊಂಡಳು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ, ಬೈಯಲಿಲ್ಲ. "ಓದಿದೋರು ನೀವು, ಬರದಿರಿ. ನಂಗೇನು ತಿಳಿತೈತಿ" ಅಂದಳು. ನನ್ನನ್ನು ಅವಳು ಓದಿದವರ ಜೊತೆ ಸೇರಿಸಿ ಮಾತಾಡಿದ್ದು ಅದೇ ಮೊದಲು. ಒಲೆ ಮತ್ತೆ ಕಟ್ಟೋಣ, ಮಣ್ಣು ನಾನು ತುಳಿಯುತ್ತೇನೆ ಅಂದೆ. ಅವಳು ಹಸನು ಮಾಡಿದ ಕಾಳು ಎತ್ತಿಕೊಂಡು ಒಳಗೆ ಹೋದಳು.

ಆ ಮಧ್ಯಾಹ್ನವೇ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಆ ಹುಡುಗಿಗೆ ಫೋನ್ ಮಾಡಿದೆ.

"ಅಮ್ಮಾ, ಯಾಕೆ ಬೇಜಾರು? ನೀವು ಹೇಳಿದ್ದನ್ನೆಲ್ಲಾ ಒಪ್ಪಿಕೊಂಡಿದ್ದಾರಲ್ಲ. ಇಷ್ಟು ಪೂರ್ತಿಯಾಗಿ ಯಾವ ಕಂಪನಿಯೂ ಒಪ್ಪಿಕೊಂಡಿರಲಿಲ್ಲ."

"ನಾನು ಸಲಹೆ ಕೊಟ್ಟಿಲ್ಲ. ಆಕ್ಷೇಪಣೆ ಬರೆದು ಕೊಟ್ಟೆ. ಪರಿಶೀಲನೆ ಮಾಡುವವರಿಗೆ ಕಳಿಸುತ್ತೇವೆ ಅಂದಿದ್ರಿ."

"ಮೊದಲು ಕಂಪನಿಗೆ ತೋರಿಸುತ್ತೇವೆ ಅಮ್ಮಾ, ಅದು ನಮ್ಮ ಪದ್ಧತಿ. ಅವರು ಸರಿಪಡಿಸಿಕೊಂಡರೆ ಆಕ್ಷೇಪಣೆ ಕಳಿಸುವ ಅಗತ್ಯ ಬೀಳುವುದಿಲ್ಲ."

"ಅಂದರೆ ಕಳಿಸಲೇ ಇಲ್ಲ."

"ನೀವೇ ಕೊನೆಯಲ್ಲಿ ಬರೆದಿದ್ದಿರಲ್ಲಾ ಅಮ್ಮಾ, ಸರಿಪಡಿಸಿ ಮರುಸಲ್ಲಿಸುವುದು ಅಂತ. ನಾನು ಅದನ್ನು ಹಾಗೇ ಅನುವಾದ ಮಾಡಿದೆ."

ನಾನು ಫೋನ್ ಇಟ್ಟೆ. ಮೋಸ ಹೋದೆ ಅಂದರೆ ಸಣ್ಣ ಮಾತಾಯಿತು, ನನ್ನ ಕೈಯನ್ನೇ ಹಿಡಿದುಕೊಂಡು ಅಕ್ಕನ ಒಲೆಗೆ ಹಾರೆ ಹಾಕಿದ್ದರು. ನಮ್ಮ ಕಣ್ಣು ಅಂದಿದ್ದಳು. ಹೌದು, ಅವರ ಕಣ್ಣೇ ಆಗಿದ್ದೆ. ನನ್ನ ಮೂಲಕ ಅವರು ಅಕ್ಕನ ಅಡುಗೆಮನೆಯನ್ನು ನೋಡಿದರು. ಊಟ ಆಯ್ತಾ ಅಂತ ಕೇಳಿದ್ದಕ್ಕೆ ಕರಗಿಹೋದ ನನ್ನ ಮೇಲೆ ನನಗೇ ಅಸಹ್ಯ ಬಂತು. ಮನೆಗೆ ಬಂದು ನನ್ನ ಹೆಸರಿನಲ್ಲೇ ನೇರವಾಗಿ ಒಂದು ಆಕ್ಷೇಪಣೆ ಕಳಿಸಿದೆ, ಈ ಸಲ ಕೊನೆಯ ಸಾಲಿಲ್ಲದೆ. ಅವಧಿ ಮುಗಿದಿದೆ, ನಿಮ್ಮ ಆಸಕ್ತಿಗೆ ಧನ್ಯವಾದ ಅಂತ ಯಂತ್ರ ಕಳಿಸಿದ ಉತ್ತರ ಬಂತು. ಗುಂಪಿನಿಂದ ಹೊರಗೆ ಬಂದೆ. ಆ ಹುಡುಗಿ ಒಂದು ಸಲ ಫೋನ್ ಮಾಡಿದಳು, ನಾನು ಎತ್ತಲಿಲ್ಲ.

ಮೂರು ತಿಂಗಳು ಬಿಟ್ಟು ಹೋದ ವಾರ ಅಕ್ಕನ ಊರಿಗೆ ಹೋಗಿದ್ದೆ. ಬಾ ಅಂದಳು, ಕಾಲಿಗೆ ನೀರು ಕೊಟ್ಟಳು, ಚೀಲ ತೆಗೆದುಕೊಂಡು ಗೂಟಕ್ಕೆ ಹಾಕಿದಳು. ಹೊಸ ಒಲೆ ಮೊದಲಿನಂತೆ ಮೂಲೆಯಲ್ಲಿರಲಿಲ್ಲ, ಮಣ್ಣಿನ ಒಲೆ ಇದ್ದ ಜಾಗದಲ್ಲೇ ನಿಂತಿತ್ತು, ನಂಬರ್ ಚೀಟಿ ಮುಂದೆ ಮಾಡಿಕೊಂಡು. ಹಿತ್ತಲ ಬಾಗಿಲು ಮುಂದಕ್ಕೆ ಹಾಕಿತ್ತು. ಅದರಾಚೆಯಿಂದ ಬೆಂಡು ಸುಟ್ಟ ವಾಸನೆ ಬರುತ್ತಿತ್ತು. ಅಕ್ಕ ತಾಟು ಇಟ್ಟು ರೊಟ್ಟಿ ಹಾಕಿದಳು. ಎರಡು ಗೇಣಿನ ರೊಟ್ಟಿ, ಅಂಚಿನವರೆಗೂ ಹದವಾಗಿ ಬೆಂದದ್ದು. ಹಿಂದೆ ಚೂರು ಬೂದಿ ಮೆತ್ತಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಬಾಯಿ ತಡೆಯಲಿಲ್ಲ.

"ಅಕ್ಕಾ, ರೊಟ್ಟಿ ಎದರ ಮ್ಯಾಲ ಬೇಯ್ಸಿದಿ?"

ಅಕ್ಕ ಗೂಟಕ್ಕೆ ಹಾಕಿದ ನನ್ನ ಚೀಲದ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಹೊಸ ಒಲಿ ಮ್ಯಾಲ. ಚಲೋ ಐತಿ, ಏನೂ ತೊಂದ್ರಿ ಇಲ್ಲ."

ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ. ಅವಳು ಎದ್ದು ಗ್ಯಾಸ್ ಹಚ್ಚಿ ಪಾತ್ರೆ ಇಟ್ಟಳು.

"ಬಸ್ ಬರೋ ಹೊತ್ತಾತು," ಅಂದಳು, "ಚಾ ಕುಡದು ಹೋಗು."